ದುಡ್ಡಿಲ್ಲದ ಕೊಡು-ಕೊಳ್ಳುವಿಕೆ: ಮೊದಲು ಅದು ಕಡವೋ, ಮುಯ್ಯಿಯೋ ಹೇಳಿ

ಪಕ್ಕದ ಮನೆಯಿಂದ ಒಂದು ಪಾವು ಉದ್ದಿನಬೇಳೆ ತರುತ್ತೀರಿ. ಮುಂದಿನ ವಾರ ಅಷ್ಟೇ ಬೇಳೆ ವಾಪಸ್ ಕೊಡಬೇಕಾ? ಹಿತ್ತಲಿನ ನಾಲ್ಕು ನುಗ್ಗೇಕಾಯಿ ಕೊಟ್ಟರೆ ಸಾಕಾ? ನೀವು ಒಂದು ಅಂದುಕೊಂಡಿರುತ್ತೀರಿ, ಅವರು ಇನ್ನೊಂದು. ದುಡ್ಡಿಲ್ಲದ ವ್ಯವಹಾರದಲ್ಲಿ ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಇಲ್ಲೇ. ಕೊಟ್ಟಿದ್ದು ಕಡಿಮೆಯಾಯಿತು ಅಂತಲ್ಲ, ಯಾವ ಲೆಕ್ಕದಲ್ಲಿ ಕೊಟ್ಟಿದ್ದು ಅಂತ ಯಾರೂ ಬಾಯಿ ಬಿಟ್ಟು ಹೇಳಿರುವುದಿಲ್ಲ.

ಕೂಲಿಗೆ ಜನ ಸಿಗದ ಊರಿನಲ್ಲೂ ಬಾಡಿಗೆ ಏರುತ್ತಿರುವ ನಗರದಲ್ಲೂ ಇಂಥ ಕೊಡು-ಕೊಳ್ಳುವಿಕೆ ಈಗಲೂ ಕೈ ಹಿಡಿಯುತ್ತದೆ. ಶುರು ಮಾಡುವ ಮುನ್ನ ಒಂದಿಷ್ಟು ಮಾತು ಖಚಿತವಾಗಿರಲಿ.

1. ಯಾವ ಬಗೆ ಅಂತ ಮೊದಲೇ ಹೇಳಿ

ನಮ್ಮ ಹಿರಿಯರಿಗೆ ಇದು ಕಷ್ಟವೇ ಆಗಿರಲಿಲ್ಲ. ಒಂದೊಂದು ಬಗೆಗೆ ಒಂದೊಂದು ಹೆಸರಿತ್ತು, ನಿಯಮ ಆ ಹೆಸರಿನಲ್ಲೇ ಇತ್ತು.

ಎರವಲು ಅಂದರೆ ತಂದ ವಸ್ತುವನ್ನೇ ವಾಪಸ್ ಕೊಡಬೇಕು. ಏಣಿ, ಇಡ್ಲಿ ಪಾತ್ರೆ, ಮದುವೆಗೆ ಹಾಕಿಕೊಂಡ ಸರ, ಎಲ್ಲ ಇದರಲ್ಲಿ ಬರುತ್ತವೆ. ಕಡ ಅಂದರೆ ತಂದದ್ದು ಖರ್ಚಾಗಿ ಹೋಗುತ್ತದೆ, ಅದೇ ಪದಾರ್ಥವನ್ನು ಅಷ್ಟೇ ಅಳತೆಯಲ್ಲಿ ತೀರಿಸಬೇಕು. ಸಕ್ಕರೆಗೆ ಸಕ್ಕರೆ, ರಾಗಿಗೆ ರಾಗಿ. ಅದಲು ಬದಲು ಅಂದರೆ ಒಂದನ್ನು ಕೊಟ್ಟು ಬೇರೊಂದನ್ನು ತಗೊಳ್ಳುವುದು, ಅಲ್ಲಿಗೆ ಲೆಕ್ಕ ಚುಕ್ತಾ.

ಮುಯ್ಯಿಯ ರೀತಿ ಬೇರೆ. ಇದರಲ್ಲಿ ಕೊಡುವುದು ಕೆಲಸ. ಇವತ್ತು ನಮ್ಮ ಹೊಲದ ಕಳೆಗೆ ನಿಮ್ಮ ಮನೆಯ ಇಬ್ಬರು ಬಂದರೆ, ನಿಮ್ಮ ಹೊಲದ ಕಳೆಗೆ ನಮ್ಮ ಮನೆಯಿಂದ ಇಬ್ಬರು ಬರಬೇಕು. ಹಾಗೆ ಬಂದವರು ಮುಯ್ಯಾಳು. ಶಿರಸಿ, ಸಿದ್ದಾಪುರದ ಕಡೆ ಮುರಿಯಾಳು ಅನ್ನುತ್ತಾರೆ. ಅಡಿಕೆ ಕೊಯ್ಲು ಮುಗಿದ ಮೇಲೆ ಒಂದು ಮನೆಯ ಅಂಗಳದಲ್ಲಿ ನಾಲ್ಕೈದು ಮನೆಯವರು ಮೆಟ್ಟುಗತ್ತಿ ಹಿಡಿದು ಕೂತು ರಾತ್ರಿ ಎಲ್ಲ ಸುಲಿಯುತ್ತಿದ್ದರು. ಮರುದಿನ ಅದೇ ಗುಂಪು ಇನ್ನೊಂದು ಮನೆಗೆ.

ಹಾಗಾಗಿ ಕೇಳುವಾಗಲೇ ಹೀಗೆ ಕೇಳಿ: "ಅಕ್ಕಾ, ಒಂದು ಸೇರು ಅಕ್ಕಿ ಕಡ ಕೊಡಿ." "ಅಣ್ಣಾ, ನಾಳಿದ್ದು ನಾಟಿಗೆ ಮುಯ್ಯಿಗೆ ಬರ್ತೀರಾ?" ಆ ಒಂದು ಪದದಲ್ಲೇ ಒಪ್ಪಂದ ಆಗಿಬಿಡುತ್ತದೆ. ಸುಮ್ನೆ ಪ್ರೀತಿಗೆ ಕೊಡುವುದಾದರೆ ಅದನ್ನೂ ಹೇಳಿಬಿಡಿ. ಇಲ್ಲದಿದ್ದರೆ ತಗೊಂಡವರಿಗೆ ಋಣದ ಭಾರ ಉಳಿಯುತ್ತದೆ.

ಇನ್ನೊಂದು ಬಗೆ ಇತ್ತು, ಆಯ. ಕಮ್ಮಾರ, ಬಡಗಿ, ಕುಂಬಾರ, ಅಗಸ, ನೀರುಗಂಟಿ, ತಳವಾರ ಮೊದಲಾದ ಆಯಗಾರರು ವರ್ಷವಿಡೀ ಊರಿನ ಕೆಲಸ ಮಾಡಿ, ಸುಗ್ಗಿಯಲ್ಲಿ ಕಣಕ್ಕೆ ಬಂದು ರಾಶಿಯಿಂದ ತಮ್ಮ ಪಾಲಿನ ದವಸ ಒಯ್ಯುತ್ತಿದ್ದರು. ಊರಿಗೆ 12 ಆಯಗಾರರು ಅನ್ನುವ ಮಾತೇ ಇದೆ. ಇದನ್ನು ಹಳೆಯ ಸೊಗಸು ಅಂತ ಹೊಗಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕೆಲಸ ಹುಟ್ಟಿದ ಜಾತಿಯಿಂದ ಬರುತ್ತಿತ್ತು, ಎಷ್ಟು ಕೊಡಬೇಕು ಅನ್ನುವ ಮಾತು ಹೊಲ ಇದ್ದವರ ಕೈಯಲ್ಲಿತ್ತು. ಒಲ್ಲೆ ಅನ್ನುವ ಹಕ್ಕಿಲ್ಲದವನ ಜೊತೆ ವಿನಿಮಯ ಎಂಥದ್ದು? ಇವತ್ತು ಯಾರಾದರೂ "ಕೆಲಸ ಮಾಡು, ಕಾಳು ಕೊಡ್ತೀನಿ, ಕೂಲಿ ಕೇಳಬೇಡ" ಅಂದರೆ ಅದು ಮುಯ್ಯಿ ಅಲ್ಲ. ಮುಯ್ಯಿಯಲ್ಲಿ ಕರೆದವರೂ ನಿಮ್ಮ ಹೊಲಕ್ಕೆ ಇಳಿಯಬೇಕು.

2. ಅಳತೆ ಒಪ್ಪಿಕೊಳ್ಳಿ

ಪದಾರ್ಥಕ್ಕೆ ಇದು ಸುಲಭ. ಯಾವ ಪಾವಿನಲ್ಲಿ ಅಳೆದು ತಂದಿರೋ ಅದೇ ಪಾವಿನಲ್ಲಿ ಅಳೆದು ಕೊಡಿ. ತಲೆ ಕಟ್ಟಿ, ಅಂದರೆ ಮೇಲೆ ಗುಡ್ಡೆ ಬರುವಂತೆ ತುಂಬಿ ತಂದದ್ದನ್ನು ತಲೆ ಸವರಿ ಕೊಡಬೇಡಿ. ಮನೆಯಲ್ಲಿ ತಕ್ಕಡಿ ಇದ್ದರೆ ತೂಗಿಬಿಡಿ.

ಬಿತ್ತನೆ ಬೀಜಕ್ಕೆ ಸಮಕ್ಕೆ ಸಮ ಸಾಲದು. ಸಮುದಾಯ ಬೀಜ ಬ್ಯಾಂಕುಗಳಲ್ಲಿ ಒಂದು ಸೇರು ಒಯ್ದವರು ಬೆಳೆ ಬಂದ ಮೇಲೆ ಎರಡು ಸೇರು ತಂದಿಡುವ ಪದ್ಧತಿ ಉಂಟು. ಹಾಗೆ ಮಾಡಿದರೆ ಮುಂದಿನ ಹಂಗಾಮಿಗೆ ಇನ್ನೊಬ್ಬರಿಗೂ ಸಿಗುತ್ತದೆ. ಬೀಜ ಹಂಚಿಕೊಂಡರೆ ತಪ್ಪಾಗುತ್ತಾ ಅಂತ ಹೆದರಬೇಡಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ಬೀಜ ಉಳಿಸಿಕೊಳ್ಳುವ, ಬದಲಾಯಿಸಿಕೊಳ್ಳುವ, ಮಾರುವ ಹಕ್ಕು ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ.

ಕೆಲಸದ ಅಳತೆಗೆ ಕೂತು ಮಾತಾಡಬೇಕು. ಆಳಿಗೆ ಆಳು, ದಿನಕ್ಕೆ ದಿನ ಅನ್ನುವುದು ಮೂಲ ಲೆಕ್ಕ. ಹೆಣ್ಣಾಳು ಗಂಡಾಳು ಅಂತ ಭೇದ ಮಾಡಬೇಡಿ. ಕೂಲಿಯಲ್ಲಿರುವ ಆ ಅನ್ಯಾಯವನ್ನು ಇಲ್ಲಿಗೂ ತರುವುದು ಬೇಡ. ಒಂದು ಜೊತೆ ಎತ್ತು ಒಂದು ದಿನ ಬಂದರೆ ಎಷ್ಟು ಆಳಿಗೆ ಸಮ? ಟ್ರ್ಯಾಕ್ಟರ್ ಬಂದರೆ ಡೀಸೆಲ್ ಯಾರದ್ದು? ಮಧ್ಯಾಹ್ನದ ಊಟ ಯಾರದ್ದು? ಊಟ ಹೊಲದವರದ್ದು ಅನ್ನುವುದು ರೂಢಿ. ಆದರೂ ಕೇಳಿಕೊಳ್ಳಿ.

ನಗರದಲ್ಲಾದರೆ ಗಂಟೆ ಲೆಕ್ಕ ಚೆನ್ನಾಗಿ ಒಗ್ಗುತ್ತದೆ. ನೀವು ಒಬ್ಬರ ಮಗುವಿಗೆ ಒಂದು ಗಂಟೆ ಲೆಕ್ಕ ಹೇಳಿಕೊಡುತ್ತೀರಿ, ಅವರು ನಿಮ್ಮ ತಾಯಿಯನ್ನು ಒಂದು ಗಂಟೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಅಮೆರಿಕದ ವಕೀಲ ಎಡ್ಗರ್ ಕಾನ್ 1980ರ ದಶಕದಲ್ಲಿ ಟೈಮ್ ಬ್ಯಾಂಕ್ ಅಂತ ಬೆಳೆಸಿದ್ದು ಇದನ್ನೇ. ಅಲ್ಲಿ ಯಾರ ಗಂಟೆಯಾದರೂ ಒಂದೇ ಬೆಲೆ.

3. ಬರೆದಿಡಿ

ಹಳೇ ಮೈಸೂರು ಕಡೆಯ ಮದುವೆಗಳಲ್ಲಿ ಮುಯ್ಯಿ ಪುಸ್ತಕ ನೋಡಿರುತ್ತೀರಿ. ಅಲ್ಲಿ ಮದುವೆಯ ಉಡುಗೊರೆಗೂ ಮುಯ್ಯಿ ಅಂತಲೇ ಹೆಸರು. ಯಾರು ಎಷ್ಟು ಓದಿಸಿದರು, ಅಂದರೆ ಉಡುಗೊರೆ ಕೊಟ್ಟರು ಅಂತ ಹೆಸರು, ಊರು ಸಮೇತ ಬರೆದಿರುತ್ತಾರೆ. ಅದನ್ನು ನೋಡಿಯೇ ಅವರ ಮನೆಯ ಕಾರ್ಯಕ್ಕೆ ಎಷ್ಟು ಒಯ್ಯಬೇಕು ಅಂತ ತೀರ್ಮಾನ. ನಿಮ್ಮ ಗುಂಪಿಗೂ ಒಂದು 100 ಪುಟದ ನೋಟ್‌ಬುಕ್ ಸಾಕು. ದಿನ, ಹೆಸರು, ಏನು ಕೊಟ್ಟರು, ಯಾವಾಗ ತೀರಿತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ್ದು ನಾಲ್ಕು ದಿನಕ್ಕೆ ಎಲ್ಲೋ ಮೇಲೆ ಹೋಗಿರುತ್ತದೆ, ಅದನ್ನು ನಂಬಬೇಡಿ.

4. ತೀರಿಸಲು ಆಗದಿದ್ದರೆ

ಕಾಯಿಲೆ ಬರುತ್ತದೆ, ಮಳೆ ಕೈ ಕೊಡುತ್ತದೆ. ಬದಲಿ ಆಳು ಕಳಿಸಬಹುದಾ, ಮುಂದಿನ ಕೆಲಸಕ್ಕೆ ಬಂದರೆ ನಡೆಯುತ್ತಾ, ಆ ದಿನದ ಕೂಲಿ ಕೊಟ್ಟು ಮುಗಿಸಬಹುದಾ ಅಂತ ಮೊದಲೇ ಮಾತಾಡಿಕೊಳ್ಳಿ. ಗಡುವು ದಾಟಿದರೆ ತಗೊಂಡವರೇ ಹೋಗಿ ಹೇಳಬೇಕು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವ ಹಾಗೆ ಆಗಬಾರದು, ಅಲ್ವಾ?

5. ಕಾಗದ ಬೇಕಾಗುವ ಕಡೆ

ಮನೆ ಮನೆ ನಡುವಿನ ಕಡಕ್ಕೆ, ಮುಯ್ಯಿಗೆ ಸರ್ಕಾರದ ಗೊಡವೆಯಿಲ್ಲ. ಆದರೆ ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವರು ವ್ಯಾಪಾರವಾಗಿ ಮಾಲಿಗೆ ಮಾಲು ಬದಲಾಯಿಸಿದರೆ ಆ ಕಾಯ್ದೆಯ ಪ್ರಕಾರ ಅದೂ ಪೂರೈಕೆಯೇ. ಲೆಕ್ಕಪರಿಶೋಧಕರನ್ನು ಕೇಳಿ.

ಜಮೀನಿಗೆ ಮಾತ್ರ ಬಾಯಿಮಾತು ಎಂದೂ ಬೇಡ. "ನಿನ್ನ ಕೆರೆ ಕೆಳಗಿನ ತುಂಡು ನನಗಿರಲಿ, ನನ್ನ ರಸ್ತೆ ಪಕ್ಕದ್ದು ನಿನಗೆ" ಅಂತ ಅಣ್ಣ ತಮ್ಮಂದಿರು ಒಪ್ಪಿ ಉಳುತ್ತಿರುತ್ತಾರೆ. ಪಹಣಿಯಲ್ಲಿ ಹಳೆಯ ಹೆಸರೇ ಇರುತ್ತದೆ. ಬೆಳೆಸಾಲ, ಪರಿಹಾರ, ಮಾರಾಟ ಬಂದಾಗ ಜಗಳ ಶುರು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 118ನೇ ಕಲಂ ಪ್ರಕಾರ ಆಸ್ತಿಯ ಅದಲು ಬದಲನ್ನು ಮಾರಾಟದ ರೀತಿಯಲ್ಲೇ ಮಾಡಬೇಕು. ಅಂದರೆ ಪತ್ರ ಬರೆಸಿ, ಮುದ್ರಾಂಕ ಶುಲ್ಕ ಕಟ್ಟಿ, ಉಪ ನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ಆಮೇಲೆ ಖಾತೆ ಬದಲಾವಣೆ ಆಗಿ ಪಹಣಿಯಲ್ಲಿ ಇಬ್ಬರ ಹೆಸರೂ ಸರಿಯಾಗಿ ಕೂತಿದೆಯಾ ಅಂತ ಕಣ್ಣಾರೆ ನೋಡಿಕೊಂಡೇ ಹೊಸ ತುಂಡಿನಲ್ಲಿ ಬೋರ್‌ವೆಲ್ ಕೊರೆಸಿ.