ಅಭಿಮಾನಿ ಬಳಗದ ಬಿಲ್ ಯಾರ ಲೆಕ್ಕಕ್ಕೆ?

ಬೆಂಗಳೂರಿನಲ್ಲಿ ವಿಧಾನಸಭಾ ಅಭ್ಯರ್ಥಿಯ ಖರ್ಚಿನ ಪುಸ್ತಕ ಬರೆಯುವಾಗ ತಲೆ ತಿನ್ನುವುದು ನಮ್ಮ ಖರ್ಚಲ್ಲ, ಬೇರೆಯವರು ಮಾಡುವ ಖರ್ಚು. ಅಭ್ಯರ್ಥಿಗೆ ಮಿತಿ 40 ಲಕ್ಷ ರೂಪಾಯಿ, ಪಕ್ಷಕ್ಕೆ ಮಿತಿಯೇ ಇಲ್ಲ. ಹಾಗಾಗಿ ಬಿಲ್ ಕೈಗೆ ಬಂದರೆ ಮೊತ್ತ ಆಮೇಲೆ. ಅಭ್ಯರ್ಥಿಯ ಹೆಸರೋ ಫೋಟೊವೋ ಎಲ್ಲಾದರೂ ಇದೆಯೇ ಎಂದು ಮೊದಲು ನೋಡುತ್ತೇನೆ.

ಪಕ್ಷದ ಬಹಿರಂಗ ಸಭೆಯನ್ನೇ ತೆಗೆದುಕೊಳ್ಳಿ. ತಾರಾ ಪ್ರಚಾರಕರ, ಅಂದರೆ ಪಕ್ಷವು ಆಯೋಗಕ್ಕೆ ಪಟ್ಟಿ ಕೊಟ್ಟ ನಾಯಕರ, ಪ್ರಯಾಣ ವೆಚ್ಚಕ್ಕೆ ವಿನಾಯಿತಿ ಉಂಟು. ಆದರೆ ಅವರ ವಾಹನದಲ್ಲಿ ಅಭ್ಯರ್ಥಿಯೂ ಹತ್ತಿ ಕೂತರೆ ಅರ್ಧ ವೆಚ್ಚ ಅಭ್ಯರ್ಥಿಯ ತಲೆಗೆ. ಅಭ್ಯರ್ಥಿ ವೇದಿಕೆ ಹತ್ತಿದರೆ ಅಥವಾ ಅಭ್ಯರ್ಥಿಯ ಫೋಟೊ ಇರುವ ಬ್ಯಾನರ್ ಅಲ್ಲಿ ಕಂಡರೆ ಶಾಮಿಯಾನ, ಕುರ್ಚಿ, ಮೈಕ್‌ಸೆಟ್ಟಿನ ಖರ್ಚೂ ಬರುತ್ತದೆ. ಮೂವರು ಅಭ್ಯರ್ಥಿಗಳಿದ್ದು 6 ಲಕ್ಷವಾದರೆ ತಲಾ 2 ಲಕ್ಷ. ಕುರ್ಚಿ ಇಳಿಸುವಾಗಲೇ ಎಣಿಸಿ ಚೀಟಿಗೆ ಸಹಿ ಹಾಕಿಸುತ್ತೇನೆ. ಬಿಲ್ಲಿನಲ್ಲಿ 500, ಮೈದಾನದಲ್ಲಿ 1,500 ಇದ್ದರೆ ಆಯೋಗದ ವಿಡಿಯೊ ತಂಡದ ಕಣ್ಣಿಗೆ ಬೀಳದೆ ಇರದು. ಅವರು ಜಿಲ್ಲಾ ಚುನಾವಣಾಧಿಕಾರಿಯ ದರಪಟ್ಟಿಯಂತೆ ಲೆಕ್ಕ ಹಾಕುತ್ತಾರೆ. ವ್ಯತ್ಯಾಸಕ್ಕೆ ನೋಟಿಸ್ ಬಂದರೆ 48 ಗಂಟೆಯೊಳಗೆ ಉತ್ತರ ಕೊಡಬೇಕು.

ಪಕ್ಷದ ಖರ್ಚೂ ಅಭ್ಯರ್ಥಿಯದೇ ಎಂದು 1974ರಲ್ಲಿ ಕನ್ವರ್ ಲಾಲ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಸಂಸತ್ತು ಕೂಡಲೇ ಕಾಯ್ದೆ ತಿದ್ದಿ, ಪಕ್ಷದ ಖರ್ಚನ್ನು ಅಭ್ಯರ್ಥಿಯ ಲೆಕ್ಕದಿಂದ ಹೊರಗಿಟ್ಟಿತು. ಬಾಗಿಲು ಹೇಗೆ ತೆರೆಯಿತೆಂದು ಬೇರೆ ಹೇಳಬೇಕಿಲ್ಲ.

ಇನ್ನು ಅಭಿಮಾನಿ ಬಳಗ. 'ನಮ್ಮ ದುಡ್ಡು, ನಮ್ಮಿಷ್ಟ' ಎಂದು ಕರಪತ್ರ ಹಂಚುತ್ತಾರೆ. ಹಾಗಾಗದು: ಅಭ್ಯರ್ಥಿಯ ಲಿಖಿತ ಒಪ್ಪಿಗೆಯಿಲ್ಲದೆ ಅವರ ಪರವಾಗಿ ಖರ್ಚು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 176ನೇ ಕಲಮಿನಡಿ ಅಪರಾಧ, ದಂಡ 10,000 ರೂಪಾಯಿವರೆಗೆ. ಖರ್ಚು ಮಾಡಿದ ಮೇಲೆ 10 ದಿನದೊಳಗೆ ಒಪ್ಪಿಗೆ ಪಡೆಯಲು ಅವಕಾಶವೇನೋ ಇದೆ, ಆದರೆ ಅದು 10 ರೂಪಾಯಿ ಮೀರದ ಖರ್ಚಿಗೆ! ಆ ದುಡ್ಡಿಗೆ ದರ್ಶಿನಿಯಲ್ಲಿ ಕಾಫಿಯೂ ಸಿಗದು.

ಬಳಗದವರು ಬಂದು ಕೇಳಿದರೆ ಎರಡೇ ದಾರಿ. ಒಪ್ಪಿಗೆ ಪತ್ರ ಕೊಟ್ಟು ಪೂರ್ತಿ ಮೊತ್ತವನ್ನು ನಮ್ಮ ಪುಸ್ತಕಕ್ಕೆ ಏರಿಸುವುದು, ಇಲ್ಲವೇ ಬೇಡವೆಂದು ಬರೆದು ಕೊಟ್ಟು, ಪ್ರತಿಯನ್ನು ಚುನಾವಣಾಧಿಕಾರಿಗೆ ತಲುಪಿಸಿ ಸ್ವೀಕೃತಿ ಪಡೆಯುವುದು. ಒಪ್ಪಿದರೆ ಪತ್ರದ ತಾರೀಖು ಪ್ರೆಸ್ಸಿನ ಬಿಲ್ಲಿಗಿಂತ ಮುಂಚಿನದಾಗಿರಬೇಕು. ಕರಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಪ್ರಕಾಶಕರ ಘೋಷಣೆಗೆ ಅವರ ಪರಿಚಯವಿರುವ ಇಬ್ಬರ ದೃಢೀಕರಣ ಬೇಕು. ಬೆಂಗಳೂರು ರಾಜಧಾನಿಯಾದ್ದರಿಂದ ಇಲ್ಲಿ ಅಚ್ಚಾದದ್ದರ ಪ್ರತಿ ನೇರ ಮುಖ್ಯ ಚುನಾವಣಾಧಿಕಾರಿಗೆ ಹೋಗುತ್ತದೆ. ಪ್ರೆಸ್ಸಿನವರಿಗೆ ನಗದು ಕೊಡುವುದಿದ್ದರೆ ಇಡೀ ಚುನಾವಣೆಗೆ ಒಬ್ಬರಿಗೆ 10,000 ರೂಪಾಯಿವರೆಗೆ ಮಾತ್ರ. ಮಿಕ್ಕಿದ್ದೆಲ್ಲ ನಾಮಪತ್ರಕ್ಕೆ ಮುಂಚೆಯೇ ತೆರೆದ ಪ್ರತ್ಯೇಕ ಖಾತೆಯಿಂದ, ಚೆಕ್ಕಿನಲ್ಲಿ.