ಆರ್‌ಟಿಡಿಯ ಮೂರನೇ ವೈರ್: ಮಾಡ್ಯೂಲಿಗೆ ಜೋಡಿಸುವ ಸರಿಯಾದ ಕ್ರಮ

ಆರ್‌ಟಿಡಿ ಎಂದರೆ ಶಾಖಕ್ಕೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗುವ ಸೆನ್ಸರ್; ಅದನ್ನು ಅಳೆದು ಡಿಗ್ರಿಗೆ ತಿರುಗಿಸುವುದು ಪ್ಯಾನೆಲ್ಲಿನ ಮಾಡ್ಯೂಲ್. ಆರ್‌ಟಿಡಿಯ ಒಂದು ಬಗೆಯಾದ ಪಿಟಿ100 ಸೆನ್ಸರಿನ ರೆಸಿಸ್ಟೆನ್ಸ್ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಓಮ್, 100 ಡಿಗ್ರಿಯಲ್ಲಿ 138.5 ಓಮ್. ಒಂದು ಡಿಗ್ರಿಗೆ ಬದಲಾಗುವುದು ಬರೀ 0.385 ಓಮ್. 0.5 ಚದರ ಮಿ.ಮೀ. ತಾಮ್ರದ ಕೇಬಲ್ 50 ಮೀಟರ್ ಎಳೆದರೆ, ಹೋಗಿಬರುವ ಎರಡು ವೈರ್ ಸೇರಿ ಸುಮಾರು 3.5 ಓಮ್ ಆಗುತ್ತದೆ. ಎರಡೇ ವೈರಿನಲ್ಲಿ ಜೋಡಿಸಿದರೆ ಮಾಡ್ಯೂಲ್ ಅದನ್ನೂ ಶಾಖವೆಂದೇ ಲೆಕ್ಕ ಹಿಡಿದು ಸುಮಾರು 9 ಡಿಗ್ರಿ ಹೆಚ್ಚಾಗಿ ತೋರಿಸುತ್ತದೆ. ಮೂರನೇ ವೈರ್ ಇರುವುದು ಇದನ್ನು ಕಳೆಯಲು. ಆದರೆ ಮೂರೂ ವೈರುಗಳ ರೆಸಿಸ್ಟೆನ್ಸ್ ಒಂದೇ ಇದ್ದರೆ ಮಾತ್ರ ಆ ಲೆಕ್ಕ ಸರಿಬರುತ್ತದೆ. ಆದ್ದರಿಂದ ಒಂದೇ ಕೇಬಲ್ಲಿನ, ಒಂದೇ ದಪ್ಪದ ವೈರುಗಳನ್ನೇ ಬಳಸಿ. ನಡುವೆ ಎಲ್ಲೂ ಸುತ್ತಿ ಟೇಪ್ ಹಾಕಬೇಡಿ. ಒಂದು ವೈರಿನ ಜಾಯಿಂಟ್‌ನಲ್ಲಿ 0.4 ಓಮ್ ಹೆಚ್ಚಾದರೂ ಒಂದು ಡಿಗ್ರಿ ತಪ್ಪುತ್ತದೆ.

ಮೊದಲು ಪವರ್ ಆಫ್ ಮಾಡಿ. ಬಣ್ಣ ನೋಡಿ ನಂಬುವುದಕ್ಕಿಂತ ಮಲ್ಟಿಮೀಟರ್ ಹಿಡಿಯುವುದು ಒಳ್ಳೆಯದು. ಸಾಮಾನ್ಯವಾಗಿ ಎರಡು ಕೆಂಪು, ಒಂದು ಬಿಳಿ ಇರುತ್ತವೆ. ಕೆಂಪು-ಕೆಂಪು ನಡುವೆ ಕೇಬಲ್ಲಿನ ಕೆಲವೇ ಓಮ್ ಮಾತ್ರ. ಕೆಂಪು-ಬಿಳಿ ನಡುವೆ 25 ಡಿಗ್ರಿಯಲ್ಲಿ 109.7 ಓಮ್ ಮತ್ತು ಕೇಬಲ್ಲಿನದು. ಕೆಂಪು ಎರಡೂ ಸೆನ್ಸರಿನ ಒಂದೇ ತುದಿಗೆ ಸೇರಿದವು. ಮಾಡ್ಯೂಲಿನ ವೈರಿಂಗ್ ಚಿತ್ರದಲ್ಲಿ ಒಂದೇ ತುದಿಗೆ ಹೋಗುವ ಎರಡು ಟರ್ಮಿನಲ್ ಯಾವುವೋ ಅಲ್ಲಿಗೇ ಅವು ಹೋಗಬೇಕು. ಬಿಳಿಯೂ ಕೆಂಪೂ ಅದಲುಬದಲಾದರೆ ರೀಡಿಂಗ್‌ಗೆ ಅರ್ಥವೇ ಇರುವುದಿಲ್ಲ.

ನಾಲ್ಕು ವೈರಿನ (ಎರಡು ಕೆಂಪು, ಎರಡು ಬಿಳಿ) ಸೆನ್ಸರನ್ನು ಮೂರು ವೈರಿನ ಮಾಡ್ಯೂಲಿಗೆ ಹಾಕುವಾಗ ಎಷ್ಟೋ ಜನ ಎರಡು ಬಿಳಿಗಳನ್ನು ಒಟ್ಟಿಗೆ ಸೇರಿಸಿಬಿಡುತ್ತಾರೆ. ಇದು ಬೇಡ. ಎರಡು ವೈರ್ ಸೇರಿದಾಗ ಆ ಬದಿಯ ರೆಸಿಸ್ಟೆನ್ಸ್ ಅರ್ಧವಾಗುತ್ತದೆ. ಒಂದೊಂದು ವೈರ್ 4 ಓಮ್ ಇದ್ದರೆ 2 ಓಮ್ ವ್ಯತ್ಯಾಸ, ಅಂದರೆ 5 ಡಿಗ್ರಿ ಕಡಿಮೆ ತೋರಿಸುತ್ತದೆ. ಒಂದು ಬಿಳಿಯ ತುದಿಗೆ ಸ್ಲೀವ್ ಹಾಕಿ ಹಾಗೇ ಬಿಡಿ.

ಶೀಲ್ಡನ್ನು (ಕೇಬಲ್ಲಿನ ಒಳಗಿನ ಲೋಹದ ಹೊದಿಕೆ) ಪ್ಯಾನೆಲ್ ಬದಿಯಲ್ಲಿ ಮಾತ್ರ ಅರ್ಥ್ ಮಾಡಿ, ಸೆನ್ಸರ್ ಬದಿಯಲ್ಲಿ ಕತ್ತರಿಸಿ ಇನ್ಸುಲೇಟ್ ಮಾಡಿ. ಮೋಟರ್ ಡ್ರೈವ್‌ಗಳ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಎಳೆಯಬೇಡಿ.

ಸಾಫ್ಟ್‌ವೇರ್‌ನಲ್ಲಿ ಸೆನ್ಸರ್ ಬಗೆ ಮತ್ತು ವೈರುಗಳ ಸಂಖ್ಯೆ ಎರಡನ್ನೂ ಸೆಟ್ ಮಾಡಿ. ಪಿಟಿ100 ಜಾಗದಲ್ಲಿ ಪಿಟಿ1000 (0 ಡಿಗ್ರಿಯಲ್ಲಿ 1000 ಓಮ್ ಇರುವ ಸೆನ್ಸರ್) ಆಯ್ದರೆ ರೀಡಿಂಗ್ ರೇಂಜಿನ ಕೆಳಗೇ ಕೂತುಬಿಡುತ್ತದೆ.

ಕೊನೆಗೆ ಸೆನ್ಸರ್ ಹೆಡ್‌ನಲ್ಲಿ (ಸೆನ್ಸರ್ ಬದಿಯ ಟರ್ಮಿನಲ್ ಪೆಟ್ಟಿಗೆ) ಸೆನ್ಸರನ್ನು ಬಿಚ್ಚಿ, ಆ ಜಾಗದಲ್ಲಿ 0.1 ಶೇಕಡಾ ನಿಖರತೆಯ 100 ಓಮ್ ರೆಸಿಸ್ಟರ್ ಹಾಕಿ ನೋಡಿ. 0 ಡಿಗ್ರಿಯ ಆಸುಪಾಸು ಬಂದರೆ ಕೇಬಲ್ ಸರಿ. ರೆಸಿಸ್ಟರ್ ಹಾಕಿದಾಗಲೂ 2 ಅಥವಾ 3 ಡಿಗ್ರಿ ಬಂದರೆ ಟರ್ಮಿನಲ್ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿ ಮಾಡಿ, ಬಿಡಿ ಎಳೆಗಳಿರುವ ತುದಿಗಳಿಗೆ ಪಿನ್ ಲಗ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಲೋಹದ ತುದಿ) ಒತ್ತಿ.