ವಾಲ್ವ್ ಆಂಪ್ಲಿಫಯರಿಗೆ ಇಂಟರ್‌ಸ್ಟೇಜ್ ಟ್ರಾನ್ಸ್‌ಫಾರ್ಮರ್ ಅಳವಡಿಸುವ ಬಗೆ

ಕಾಸರಗೋಡಿನ ಹಳೆಯ ಮನೆಗಳ ಅಟ್ಟದಲ್ಲಿ ಇಂದಿಗೂ ಒಂದೊಂದು ವಾಲ್ವ್ ರೇಡಿಯೋ ಸಿಗುವುದುಂಟು. ಅದನ್ನು ಬಿಚ್ಚಿದರೆ, ಸಂಕೇತವನ್ನು ವರ್ಧಿಸುವ ಗಾಜಿನ ಕೊಳವೆಗಳಾದ ಎರಡು ವಾಲ್ವ್‌ಗಳ ನಡುವೆ ಸಾಮಾನ್ಯವಾಗಿ ಒಂದು ಕಂಡೆನ್ಸರ್ (ಕೆಪಾಸಿಟರ್) ಕಾಣಿಸುತ್ತದೆ. ಮೊದಲ ವಾಲ್ವಿನ ಪ್ಲೇಟಿನಲ್ಲಿ (ಸಂಕೇತ ಹೊರಬರುವ ತುದಿ) ಇರುವ ಡಿಸಿ ವೋಲ್ಟೇಜನ್ನು ತಡೆದು, ಧ್ವನಿಯ ಎಸಿಯನ್ನಷ್ಟೇ ಮುಂದಿನ ವಾಲ್ವಿನ ಗ್ರಿಡ್‌ಗೆ (ಸಂಕೇತ ಒಳಹೋಗುವ ತುದಿ) ದಾಟಿಸುವುದು ಅದರ ಕೆಲಸ. 1920ರ ದಶಕದ ರೇಡಿಯೋಗಳಲ್ಲಿ ಈ ಕೆಲಸವನ್ನು, ಒಂದೇ ಕಬ್ಬಿಣದ ತಿರುಳಿಗೆ ಪ್ರೈಮರಿ, ಸೆಕೆಂಡರಿ ಎಂಬ ಎರಡು ಸುರುಳಿ ಸುತ್ತಿದ ಇಂಟರ್‌ಸ್ಟೇಜ್ ಟ್ರಾನ್ಸ್‌ಫಾರ್ಮರ್ ಮಾಡುತ್ತಿತ್ತು; ಹೆಚ್ಚು ವರ್ಧನೆ ಕೊಡುವ ವಾಲ್ವ್‌ಗಳು ಬಂದ ಮೇಲೆ ಅಗ್ಗದ ಕಂಡೆನ್ಸರ್ ಅದರ ಜಾಗವನ್ನು ಹಿಡಿಯಿತು. ಮನೆಯಲ್ಲೇ ಆಂಪ್ಲಿಫಯರ್ ಕಟ್ಟಬಯಸುವವರಿಗಾಗಿ, 6ಎಸ್‌ಎನ್7 ಡ್ರೈವರ್ ವಾಲ್ವಿನಿಂದ 2ಎ3 ಔಟ್‌ಪುಟ್ ವಾಲ್ವನ್ನು ನಡೆಸುವ ಒಂದು ಉದಾಹರಣೆಯನ್ನು ಇಲ್ಲಿ ಹಂತಹಂತವಾಗಿ ನೋಡೋಣ.

ಮೊದಲು ವೋಲ್ಟೇಜಿನ ಲೆಕ್ಕ. ಒಂದೇ ಗಾಜಿನೊಳಗೆ ಎರಡು ವಾಲ್ವ್ ಇರುವ 6ಎಸ್‌ಎನ್7ರ ಒಂದು ಅರ್ಧಕ್ಕೆ ಪ್ಲೇಟಿನಲ್ಲಿ 250 ವೋಲ್ಟ್ ಇದ್ದು ಗ್ರಿಡ್ ಬಯಾಸ್ (ಗ್ರಿಡ್ಡಿನ ಸ್ಥಿರ ವೋಲ್ಟೇಜ್) ಮೈನಸ್ 8 ವೋಲ್ಟ್ ಆಗಿದ್ದರೆ 9 ಮಿಲಿಆಂಪಿಯರ್ ಹರಿಯುತ್ತದೆ. ಪ್ಲೇಟಿಗೆ 22 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ ಅದರಲ್ಲೇ 198 ವೋಲ್ಟ್ ನಷ್ಟವಾಗಿ, ಸರಬರಾಜು 450 ವೋಲ್ಟ್ ದಾಟಬೇಕಾಗುತ್ತದೆ. ಅದರ ಬದಲು ಟ್ರಾನ್ಸ್‌ಫಾರ್ಮರಿನ ಪ್ರೈಮರಿಯನ್ನು ಜೋಡಿಸಿದರೆ, ತಂತಿಯ ರೋಧ ಒಂದು ಸಾವಿರ ಓಮ್ ಇದ್ದರೂ ನಷ್ಟವಾಗುವುದು ಕೇವಲ 9 ವೋಲ್ಟ್. ಆ ಬಯಾಸಿಗಾಗಿ ಕ್ಯಾಥೋಡಿನಲ್ಲಿ (ಎಲೆಕ್ಟ್ರಾನ್ ಹೊಮ್ಮಿಸುವ ತುದಿ) ಇರಬೇಕಾದ 8 ವೋಲ್ಟನ್ನೂ ಸೇರಿಸಿದರೆ 267 ವೋಲ್ಟ್ ಸಾಕು. 2ಎ3ಕ್ಕೆ ಹೇಗೂ 300 ವೋಲ್ಟ್ ಆಸುಪಾಸಿನ ಸರಬರಾಜು ಬೇಕಿರುವುದರಿಂದ, ಒಂದೇ ಪವರ್ ಸಪ್ಲೈಯಲ್ಲಿ ಎರಡೂ ವಾಲ್ವ್‌ಗಳ ಕೆಲಸ ಮುಗಿಯುತ್ತದೆ. ಕ್ಯಾಥೋಡಿಗೆ 910 ಓಮ್ ರೆಸಿಸ್ಟರ್ ಸರಿಹೋಗುತ್ತದೆ.

ಎರಡನೆಯದು ಟ್ರಾನ್ಸ್‌ಫಾರ್ಮರಿನ ಆಯ್ಕೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಕೆಳಸ್ವರ ಎಲ್ಲಿಯವರೆಗೆ ಉಳಿಯುತ್ತದೆ ಎಂಬುದನ್ನು ಪ್ರೈಮರಿಯ ಇಂಡಕ್ಟೆನ್ಸ್ (ಎಸಿಯನ್ನು ತಡೆಯುವ ಸುರುಳಿಯ ಗುಣ, ಅಳತೆ ಹೆನ್ರಿಯಲ್ಲಿ) ಮತ್ತು ವಾಲ್ವಿನ ಒಳರೋಧ ಇವೆರಡೂ ಕೂಡಿ ನಿರ್ಧರಿಸುತ್ತವೆ. ರೋಧವನ್ನು 6.28 ಮತ್ತು ಇಂಡಕ್ಟೆನ್ಸಿನ ಗುಣಲಬ್ಧದಿಂದ ಭಾಗಿಸಿದರೆ ಸ್ವರವು 3 ಡೆಸಿಬಲ್ ಇಳಿಯುವ ಆವರ್ತನ ಸಿಗುತ್ತದೆ. 6ಎಸ್‌ಎನ್7ರ ಒಳರೋಧ 7,700 ಓಮ್. ಅದಕ್ಕೆ 100 ಹೆನ್ರಿಯ ಪ್ರೈಮರಿ ಕೊಟ್ಟರೆ ಈ ಆವರ್ತನ ಸುಮಾರು 12 ಹರ್ಟ್ಸ್, 30 ಹೆನ್ರಿ ಕೊಟ್ಟರೆ 41 ಹರ್ಟ್ಸ್. ಎಲ್ಲೆಡೆ ಸಿಗುತ್ತದೆಂದು ಇಸಿಸಿ83 ವಾಲ್ವನ್ನು ಬಳಸಿದರೆ, ಅದರ ಒಳರೋಧ 60 ಸಾವಿರ ಓಮ್ ಮೀರುವುದರಿಂದ, ಅದೇ 100 ಹೆನ್ರಿಯಲ್ಲಿ 100 ಹರ್ಟ್ಸಿನಿಂದಲೇ ಸ್ವರ ಸೋರತೊಡಗುತ್ತದೆ. ಮದ್ದಳೆಯ ಗುಂಗು ಹೋಗಿ ತಾಳ ಮಾತ್ರ ಉಳಿದ ಹಾಗೆ.

ಕೊಳ್ಳುವಾಗ ಇಂಡಕ್ಟೆನ್ಸನ್ನಷ್ಟೇ ಕೇಳಿದರೆ ಸಾಲದು; 9 ಮಿಲಿಆಂಪಿಯರ್ ಡಿಸಿ ಹರಿಯುತ್ತಿರುವಾಗ ಅದು ಎಷ್ಟಿರುತ್ತದೆ ಎಂದು ಕೇಳಬೇಕು. ಡಿಸಿ ಹರಿಯುವ ತಿರುಳಿನಲ್ಲಿ ಗಾಳಿಯ ಬಿರುಕು ಇಲ್ಲದಿದ್ದರೆ ಕಬ್ಬಿಣ ಕಾಂತದಿಂದ ತುಂಬಿ ಇಂಡಕ್ಟೆನ್ಸ್ ಕುಸಿಯುತ್ತದೆ. ಸ್ವೀಡನ್ನಿನ ಲುಂಡಾಲ್ ಮತ್ತು ಕೆನಡಾದ ಹ್ಯಾಮಂಡ್ ಈ ಬಗೆಯ ಟ್ರಾನ್ಸ್‌ಫಾರ್ಮರ್‌ಗಳನ್ನು ತಯಾರಿಸುತ್ತವೆ.

ಸುತ್ತುಗಳ ಅನುಪಾತ 1:1 ಇರಲಿ ಎಂಬುದು ನನ್ನ ಸಲಹೆ. 1:2 ಆದರೆ ವೋಲ್ಟೇಜ್ ಇಮ್ಮಡಿಯಾಗುವುದು ನಿಜ, ಆದರೆ 2ಎ3ರ ಗ್ರಿಡ್ ಕೆಪಾಸಿಟೆನ್ಸ್ ಡ್ರೈವರಿಗೆ ನಾಲ್ಕು ಪಟ್ಟಾಗಿ ಕಂಡು ಮೇಲಿನ ಸ್ವರಗಳು ಮಂಕಾಗುತ್ತವೆ. 2ಎ3ಕ್ಕೆ ಬೇಕಾದುದು 45 ವೋಲ್ಟ್ ಶಿಖರ. ಸುಮಾರು 19 ಪಟ್ಟು ವರ್ಧಿಸುವ ಡ್ರೈವರಿಗೆ 2.4 ವೋಲ್ಟ್ ಕೊಟ್ಟರೆ ಅಷ್ಟು ಬರುತ್ತದೆ. ಮೊಬೈಲಿನಿಂದ ಸಾಮಾನ್ಯವಾಗಿ ಅಷ್ಟು ಸಿಗದ ಕಾರಣ 6ಎಸ್‌ಎನ್7ರ ಇನ್ನೊಂದು ಅರ್ಧವನ್ನು ಮೊದಲ ಹಂತವಾಗಿ ಬಳಸಿಕೊಳ್ಳಬಹುದು.

ಮೂರನೆಯದಾಗಿ, ಚಾಸಿಸ್‌ಗೆ (ಎಲ್ಲವನ್ನೂ ಕೂರಿಸುವ ಲೋಹದ ತಳ) ತೂತು ಕೊರೆಯುವ ಮೊದಲು ಇಂಟರ್‌ಸ್ಟೇಜಿನ ಜಾಗವನ್ನು ಗೊತ್ತುಮಾಡಬೇಕು. ನನ್ನ ಮೊದಲ ಆಂಪ್ಲಿಫಯರಿನಲ್ಲಿ ಅಂದ ನೋಡಿ ಇದನ್ನು ಪವರ್ ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲೇ ಕೂರಿಸಿದ್ದೆ. ಪವರ್ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಇದರೊಳಗೆ ನುಗ್ಗಿ, ಯಕ್ಷಗಾನದ ಧ್ವನಿಮುದ್ರಿಕೆ ಹಾಕಿದರೆ ಭಾಗವತರ ಹಿಂದೆ ಇನ್ನೊಂದು ಶ್ರುತಿಪೆಟ್ಟಿಗೆ ಹಿಡಿದಂತೆ ಗುಂಯ್‌ಗುಡುತ್ತಿತ್ತು. ಆದ್ದರಿಂದ ಪವರ್ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ ತುದಿಗಳಿಗೆಲ್ಲ ಬೇರೆಬೇರೆಯಾಗಿ ಟೇಪ್ ಸುತ್ತಿ, ಪ್ರೈಮರಿಗೆ ಮಾತ್ರ ಕರೆಂಟು ಕೊಡಿ. ಇಂಟರ್‌ಸ್ಟೇಜಿನ ಸೆಕೆಂಡರಿಗೆ ಮಲ್ಟಿಮೀಟರನ್ನು ಎಸಿ ಮಿಲಿವೋಲ್ಟಿನಲ್ಲಿಟ್ಟು ಜೋಡಿಸಿ, ಅದನ್ನು ಚಾಸಿಸ್ ಮೇಲೆ ನಿಧಾನವಾಗಿ ತಿರುಗಿಸುತ್ತಾ, ಸರಿಸುತ್ತಾ ಬನ್ನಿ. ಅಂಕಿ ಇಳಿಯುತ್ತಾ ಬಂದು ಒಂದು ಕೋನದಲ್ಲಿ ಅತ್ಯಂತ ಕಡಿಮೆಯಾಗಿ, ಅದನ್ನು ದಾಟಿದೊಡನೆ ಮತ್ತೆ ಏರುತ್ತದೆ. ಆ ಕೋನದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ.

ಜೋಡಣೆ ಸರಳ. ಪ್ರೈಮರಿಯ ಒಂದು ತುದಿ ಪ್ಲೇಟಿಗೆ, ಇನ್ನೊಂದು ಸರಬರಾಜಿಗೆ. ಸೆಕೆಂಡರಿಯ ಒಂದು ತುದಿ 2ಎ3ರ ಗ್ರಿಡ್‌ಗೆ, ಇನ್ನೊಂದು ನೆಲಕ್ಕೆ. ಒಳಗೆ ಕೈಹಾಕುವ ಮೊದಲು ಪ್ಲಗ್ ಕಿತ್ತು, ಫಿಲ್ಟರ್ ಕಂಡೆನ್ಸರುಗಳನ್ನು ರೆಸಿಸ್ಟರಿನ ಮೂಲಕ ಬರಿದುಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಬಳಿಕವೇ ಮುಂದುವರಿಯಬೇಕು. 300 ವೋಲ್ಟ್ ಡಿಸಿ ಜೀವ ತೆಗೆಯಬಲ್ಲದು.

ಕೊನೆಗೆ 1 ಕಿಲೋಹರ್ಟ್ಸ್ ಚೌಕ ಅಲೆಯನ್ನು ಕೊಟ್ಟು ಆಸಿಲೋಸ್ಕೋಪಿನಲ್ಲಿ ನೋಡಿ. ಅಲೆಯ ಮೂಲೆಯಲ್ಲಿ ಅಲುಗಾಟ ಕಂಡರೆ, ಅದು ಸುತ್ತುಗಳ ಸೋರಿಕೆ ಇಂಡಕ್ಟೆನ್ಸ್ ಮತ್ತು ಕೆಪಾಸಿಟೆನ್ಸ್ ಕೂಡಿ ಎಬ್ಬಿಸಿದ ಅನುರಣನ. ಚೆಂಡೆಯ ಪೆಟ್ಟಿನಲ್ಲಿ ಇಲ್ಲದ ಕರ್ಕಶತೆ ಬರುವುದು ಇದರಿಂದಲೇ. ಸೆಕೆಂಡರಿಗೆ ಅಡ್ಡಲಾಗಿ 100 ಕಿಲೋ ಓಮ್ ರೆಸಿಸ್ಟರ್ ಹಾಕಿ, ಅಲುಗಾಟ ಅಡಗುವವರೆಗೆ ಮೌಲ್ಯವನ್ನು 68, 47 ಎಂದು ಇಳಿಸುತ್ತಾ ಬನ್ನಿ. ಬೇಕಾದುದಕ್ಕಿಂತ ಕೆಳಗಿಳಿಸಿದರೆ ಡ್ರೈವರಿನ ಮೇಲೆ ಹೊರೆ ಹೆಚ್ಚಾಗಿ ವಿಕೃತಿ ಏರುತ್ತದೆ.

ಹಳೆಯ ಟ್ರಾನ್ಸ್‌ಫಾರ್ಮರ್ ಕೊಳ್ಳುವುದಾದರೆ ಮೊದಲು ಪ್ರೈಮರಿಯ ಎರಡು ತುದಿಗಳಿಗೆ ಮೀಟರ್ ಹಿಡಿದು, ತಂತಿ ಒಳಗೆ ತುಂಡಾಗಿಲ್ಲವೆಂದು ಖಚಿತಪಡಿಸಿಕೊಳ್ಳಿ. ಕೂದಲಿನಂಥ ತಾಮ್ರದ ತಂತಿಯಲ್ಲಿ ಡಿಸಿ ಇರುವಾಗ ತೇವ ಸೇರಿದರೆ ಅದು ಹಸಿರುಗಟ್ಟಿ ಕಡಿದುಹೋಗುತ್ತದೆ. ನಮ್ಮ ಕರಾವಳಿಯ ಆಟಿ ತಿಂಗಳ ಮಳೆಗೆ, ವಾರ್ನಿಶ್ ಒಳಗಿನವರೆಗೆ ಇಳಿದಿರುವ ಹೊಸದನ್ನು ಕೊಳ್ಳುವುದೇ ಮೇಲು.